ಗೋಡೆಯ ಮೇಲಿನ ಅರಿಸ್ಟಾಟಲ್

ನಮ್ಮ ಆಫೀಸಿನ ಮೂರನೇ ಮಹಡಿಯಲ್ಲಿ, ಕಾಫಿ ಮೆಷಿನ್ ಪಕ್ಕದ ಗೋಡೆಯಲ್ಲಿ ಒಂದು ದೊಡ್ಡ ಫ್ರೇಮ್ ಇದೆ. ನೀಲಿ ಬೆಟ್ಟ, ಅದರ ತುದಿಯಲ್ಲಿ ಕೈ ಎತ್ತಿ ನಿಂತ ಒಬ್ಬ ಮನುಷ್ಯ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಕನ್ನಡದಲ್ಲಿ ಹೇಳುವುದಾದರೆ: ನಾವು ಮತ್ತೆ ಮತ್ತೆ ಏನು ಮಾಡುತ್ತೇವೋ ಅದೇ ನಾವು, ಹಾಗಾಗಿ ಶ್ರೇಷ್ಠತೆ ಅನ್ನೋದು ಒಂದು ಸಲ ಮಾಡಿ ಮುಗಿಸುವ ಕೆಲಸ ಅಲ್ಲ, ಅಭ್ಯಾಸ. ಅದರ ಕೆಳಗೆ ಹೆಸರು, ಅರಿಸ್ಟಾಟಲ್. ದಿನಕ್ಕೆ ಮೂರು ಸಲ ಕಾಫಿಗೆ ಹೋಗುವ ನಾನು ಆರು ವರ್ಷದಲ್ಲಿ ಆ ಸಾಲನ್ನು ಕೆಲವು ಸಾವಿರ ಸಲವಾದರೂ ಓದಿರಬೇಕು. ಓದಿದ್ದೂ ಒಂದು ಅಭ್ಯಾಸವೇ. ಅದರಿಂದ ನಾನೇನೂ ಶ್ರೇಷ್ಠಳಾಗಲಿಲ್ಲ.

ಎರಡು ವರ್ಷದ ಹಿಂದೆ ಅಪ್ರೈಸಲ್ ಮೀಟಿಂಗ್ ಮುಗಿಸಿ ಬಂದು ಅದೇ ಫ್ರೇಮಿನ ಮುಂದೆ ನಿಂತಿದ್ದೆ. "ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ಆದ್ರೆ ಎಕ್ಸಲೆನ್ಸ್ ಕಾಣಿಸ್ತಾ ಇಲ್ಲ" ಎಂದಿದ್ದರು ಮ್ಯಾನೇಜರ್. ತಪ್ಪಿಲ್ಲದಿದ್ದರೆ ಸಾಲದು, ಅದರ ಮೇಲೆ ಇನ್ನೇನೋ ಬೇಕು. ಅದೇನು ಅಂತ ಅವರಿಗೂ ಹೇಳೋಕೆ ಬರಲಿಲ್ಲ. ಸಿಟ್ಟು ಬಂದಿತ್ತು. ಈ ಅರಿಸ್ಟಾಟಲ್ ಅದನ್ನು ಎಲ್ಲಿ ಹೇಳಿದ್ದಾನೆ, ಮುಂದಿನ ಸಾಲಾದರೂ ಏನು ನೋಡೇಬಿಡೋಣ ಅಂತ ಮನೆಗೆ ಹೋಗಿ ಹುಡುಕಿದೆ. ಅವನು ಹೇಳೇ ಇಲ್ಲ! ಆ ಸಾಲು ಬರೆದವನು ವಿಲ್ ಡ್ಯೂರಾಂಟ್ ಅನ್ನುವ ಅಮೆರಿಕದ ಲೇಖಕ, 1926ರಲ್ಲಿ. ತತ್ವಶಾಸ್ತ್ರದ ಕಥೆಯನ್ನು ಸಾಮಾನ್ಯ ಓದುಗರಿಗೆ ಹೇಳುವ ಪುಸ್ತಕದಲ್ಲಿ ಅವನು ಅರಿಸ್ಟಾಟಲನ ವಿಚಾರವನ್ನು ತನ್ನ ಮಾತಿನಲ್ಲಿ ಅಡಕ ಮಾಡಿ ಹೇಳಿದ್ದ. ಆಮೇಲೆ ಕೈಯಿಂದ ಕೈಗೆ ಹೋಗುತ್ತಾ ಡ್ಯೂರಾಂಟನ ಹೆಸರು ಉದುರಿತು, ಅರಿಸ್ಟಾಟಲನ ಹೆಸರು ಉಳಿಯಿತು. ಸತ್ತು ಎರಡು ಸಾವಿರದ ಮುನ್ನೂರು ವರ್ಷ ಆದಮೇಲೂ ಅವನ ಖಾತೆಗೆ ಹೊಸ ಸಾಲು ಜಮಾ ಆಗಿತ್ತು. ಸಣ್ಣತನ ಅನ್ನಿ, ಮಾರನೇ ದಿನ ಎಚ್.ಆರ್.ಗೆ ಒಂದು ಮೇಲ್ ಹಾಕಿದೆ. ಉತ್ತರ ಬರಲಿಲ್ಲ.

ತಪ್ಪು ಹಿಡಿಯೋಕೆ ಅಂತ ಹೋದವಳು ಅಲ್ಲೇ ಉಳಿದುಬಿಟ್ಟೆ. ಗ್ರೀಕ್ ನನಗೆ ಬರುವುದಿಲ್ಲ, ಓದಿದ್ದೆಲ್ಲ ಅನುವಾದದಲ್ಲಿ. ಆದರೂ ಒಂದು ಪದ ಎಲ್ಲ ಕಡೆ ಎದುರಾಗುತ್ತಿತ್ತು. ಅರೆಟೆ. ನಮ್ಮ ಗೋಡೆಯ ಮೇಲಿನ ಎಕ್ಸಲೆನ್ಸ್ ಅದೇ.

ಮಣ್ಣಿಗೂ ಇದ್ದ ಗುಣ

ಅರೆಟೆಯನ್ನು ಕನ್ನಡದಲ್ಲಿ 'ಸದ್ಗುಣ' ಅಂದರೆ ನೀತಿ ಪಾಠದ ವಾಸನೆ ಹೊಡೆಯುತ್ತದೆ. 'ಶ್ರೇಷ್ಠತೆ' ಅಂದರೆ ಸನ್ಮಾನ ಸಮಾರಂಭದ ಶಾಲು ನೆನಪಾಗುತ್ತದೆ. ಗ್ರೀಕರು ಅದನ್ನು ಹಾಗೆಲ್ಲ ಎತ್ತರದಲ್ಲಿ ಇಟ್ಟಿರಲಿಲ್ಲ. ಪ್ರಾಚೀನ ಗ್ರೀಕ್ ಕವಿ ಹೋಮರನಲ್ಲಿ ಕುದುರೆಗೂ ಅರೆಟೆ ಇದೆ, ಓಡುವ ಕಾಲಿಗೂ ಇದೆ. ಇತಿಹಾಸ ಬರೆದ ಥುಸಿಡಿಡೀಸ್ ನೆಲದ ಅರೆಟೆ ಬಗ್ಗೆ ಹೇಳುತ್ತಾನೆ. ಒಳ್ಳೆಯ ಮಣ್ಣಿದ್ದ ಕಡೆಯೇ ಜಗಳ ಜಾಸ್ತಿ ಆಯ್ತು ಅಂತ. ಚೆನ್ನಾಗಿ ನೋಡುವುದು ಕಣ್ಣಿನ ಅರೆಟೆ. ಅಂದರೆ ಯಾವ ವಸ್ತು ಯಾತಕ್ಕೆ ಇದೆಯೋ, ಅದನ್ನು ಚೆನ್ನಾಗಿ ಮಾಡುವ ಶಕ್ತಿ. ಇದಕ್ಕೆ ನಮ್ಮಲ್ಲಿ ದಿನಬಳಕೆಯ ಪದವೇ ಇದೆಯಲ್ಲ ಅನ್ನಿಸಿತು. ಮಣ್ಣಿನ ಗುಣ ಅನ್ನುತ್ತೇವೆ. ಡಾಕ್ಟರ ಕೈಗುಣ ಚೆನ್ನಾಗಿದೆ ಅನ್ನುತ್ತೇವೆ. ಅಲ್ಲಿ ನೀತಿ ಇಲ್ಲ, ಆದರೆ ಮೆಚ್ಚುಗೆ ಇದೆ. 'ಸತ್' ತೆಗೆದುಹಾಕಿ ಬರೀ 'ಗುಣ' ಅಂದರೆ ಅರೆಟೆಗೆ ಹತ್ತಿರ ಬಂದಂತೆ.

ಮನುಷ್ಯ ಯಾತಕ್ಕೆ ಇದ್ದಾನೆ ಅನ್ನುವಲ್ಲಿ ತೊಡಕು ಶುರು. ಹೋಮರನ ಕಾಲದ ಉತ್ತರ ಸರಳ: ಗೆಲ್ಲೋಕೆ. ಟ್ರಾಯ್ ಯುದ್ಧದ ಮೇಲಿನ ಅವನ ಮಹಾಕಾವ್ಯ ಇಲಿಯಡ್‌ನ ಆರನೇ ಭಾಗದಲ್ಲಿ ಗ್ಲಾಕಸ್ ಅನ್ನುವ ವೀರ ಯುದ್ಧದ ನಡುವೆ ನಿಂತು ತನ್ನ ವಂಶದ ಕಥೆ ಹೇಳುತ್ತಾನೆ. ಟ್ರಾಯ್‌ಗೆ ಕಳಿಸುವಾಗ ಅಪ್ಪ ಹೇಳಿದ್ದ ಮಾತು: ಯಾವಾಗಲೂ ಎಲ್ಲರಿಗಿಂತ ಉತ್ತಮನಾಗಿರು, ಬೇರೆಯವರನ್ನು ಮೀರಿಸು. ಗ್ರೀಕರ ಮಹಾವೀರ ಅಕಿಲೀಸನಿಗೂ ಅವನಪ್ಪ ಇದೇ ಮಾತು ಹೇಳಿ ಕಳಿಸಿದ್ದ. ಗ್ರೀಕರ ಆದರ್ಶ ಏನು ಅಂತ ಬರೆಯುವವರೆಲ್ಲ ಈ ಸಾಲನ್ನು ಎತ್ತಿಕೊಳ್ಳುತ್ತಾರೆ. ಅದರ ಮುಂದೆ ಏನಾಯಿತು ಅನ್ನೋದನ್ನು ಜಾಸ್ತಿ ಜನ ಹೇಳುವುದಿಲ್ಲ. ಎದುರಿಗೆ ನಿಂತ ಶತ್ರು ಡಯೊಮಿಡೀಸನಿಗೆ, ಅರೆ, ನಮ್ಮ ತಾತಂದಿರು ಸ್ನೇಹಿತರಲ್ವಾ ಅಂತ ನೆನಪಾಗುತ್ತದೆ. ಇಬ್ಬರೂ ರಥದಿಂದ ಇಳಿದು, ಕೈ ಕುಲುಕಿ, ಕವಚ ಬದಲಾಯಿಸಿಕೊಳ್ಳುತ್ತಾರೆ. ಗ್ಲಾಕಸನದು ಚಿನ್ನದ ಕವಚ, ನೂರು ಎತ್ತಿನ ಬೆಲೆಯದು. ಬದಲಿಗೆ ಸಿಕ್ಕಿದ್ದು ಕಂಚಿನದು, ಒಂಬತ್ತು ಎತ್ತಿನ ಬೆಲೆಯದು. ದೇವತೆಗಳ ರಾಜ ಜೀಯಸ್ ಅವನ ಬುದ್ಧಿ ಕಸಿದುಕೊಂಡಿದ್ದ ಅಂತಾನೆ ಹೋಮರ್. ಎಲ್ಲರನ್ನೂ ಮೀರಿಸು ಅನ್ನುವ ಮಾತು ಬಾಯಿಂದ ಬಂದು ಐದು ನಿಮಿಷ ಆಗಿಲ್ಲ, ಆಗಲೇ ಇಡೀ ಯುದ್ಧದ ಅತಿ ಕೆಟ್ಟ ವ್ಯಾಪಾರ! ನಮ್ಮ ಗೋಡೆಗೆ ಈ ಚಿತ್ರ ಹಾಕಬೇಕಿತ್ತು.

ಕೊಬ್ಬರಿ ಮಂಡಿಯ ಹಿಂದಿನ ಓಣಿ

ಹಳೆಯ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾದಲ್ಲಿ ಎರಡನೇ ಬಹುಮಾನ ಇರಲಿಲ್ಲ. ಬೆಳ್ಳಿ, ಕಂಚು ಎಲ್ಲ ಇತ್ತೀಚಿನದು. ಗೆದ್ದವನಿಗೆ ಕಾಡು ಆಲಿವ್ ಎಲೆಯ ಕಿರೀಟ. ಉಳಿದವರಿಗೆ ಏನೂ ಇಲ್ಲ. ಕ್ರಿ.ಪೂ. 776ರಿಂದ ಶುರುವಾಯಿತು ಅನ್ನುವ ಆ ಕೂಟದಲ್ಲಿ ಎಷ್ಟು ಸಾವಿರ ಜನ ಬರಿಗೈಯಲ್ಲಿ ವಾಪಸ್ ಹೋಗಿರಬೇಕು. ಅವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ಅಲ್ಲಿ ಗೆದ್ದವರಲ್ಲದೆ ಹೆಸರು ಉಳಿದಿರುವುದು ಮೋಸ ಮಾಡಿದವರದು. ಸ್ಟೇಡಿಯಂಗೆ ಹೋಗುವ ದಾರಿಯ ಪಕ್ಕದಲ್ಲಿ ಜೀಯಸನ ಕಂಚಿನ ಮೂರ್ತಿಗಳ ಸಾಲೇ ಇತ್ತು. ಎಲ್ಲವೂ ದಂಡದ ದುಡ್ಡಿನಲ್ಲಿ ನಿಲ್ಲಿಸಿದ್ದು. ಮೊದಲ ಆರು ಮೂರ್ತಿಗಳಿಗೆ ಕಾರಣ ಕ್ರಿ.ಪೂ. 388ರಲ್ಲಿ ಎದುರಾಳಿಗಳಿಗೆ ಲಂಚ ಕೊಟ್ಟು ಗೆದ್ದ ಯುಪೋಲಸ್ ಅನ್ನುವ ಬಾಕ್ಸರ್. ಗೆಲುವು ಬರಬೇಕಾದ್ದು ದುಡ್ಡಿನಿಂದಲ್ಲ, ಕಾಲಿನ ವೇಗದಿಂದ, ಮೈಯ ಬಲದಿಂದ ಅಂತ ಒಂದು ಪೀಠದ ಮೇಲೆ ಬರೆದಿತ್ತಂತೆ. ಓಡೋಕೆ ಹೋಗುವವರೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕು. ಗೆಲುವಿನ ಹಸಿವು ಎಷ್ಟಿತ್ತು ಅನ್ನೋದನ್ನು ಆ ಸಾಲೇ ಹೇಳುತ್ತದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿ ಹುಡುಗಿಯರ 800 ಮೀಟರ್ ಓಟದಲ್ಲಿ ತಿಪಟೂರು ತಾಲ್ಲೂಕಿಗೇ ಮೊದಲು ಬಂದಿದ್ದೆ. ಬರಿಗಾಲಲ್ಲಿ. ಊರಲ್ಲಿ ಅದೊಂದು ದೊಡ್ಡ ವಿಷಯವಾಯಿತು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಕಿರಾಣಿ ಅಂಗಡಿಯವರು, "ಏನವ್ವ, ಯಾವಾಗ ತುಮಕೂರಿಗೆ?" ಅಂತ ಕೇಳಿ ಕೈಗೆ ಕೊಬ್ಬರಿ ಮಿಠಾಯಿ ಹಾಕೋರು. ದುಡ್ಡು ತಗೋತಿರಲಿಲ್ಲ. ಪಿ.ಟಿ. ಮೇಷ್ಟ್ರು ಬೆಳಗ್ಗೆ ಐದೂವರೆಗೆ ಓಡಿಸೋರು. ತುಮಕೂರಿನ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಹೋದಾಗ ಲೈನಿನಲ್ಲಿ ನಿಂತು ಅಕ್ಕಪಕ್ಕ ನೋಡಿದೆ. ಇಬ್ಬರು ಹುಡುಗಿಯರ ಕಾಲಲ್ಲಿ ಸ್ಪೈಕ್ಸ್ ಇತ್ತು. ಅಂಥ ಶೂ ನಾನು ಅವತ್ತೇ ಮೊದಲು ನೋಡಿದ್ದು. ಅದನ್ನು ನೋಡಿಯೇ ಅರ್ಧ ಸೋತೆ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ಅವರು ನನಗಿಂತ ಚೆನ್ನಾಗಿ ಓಡಿದರು. ಆರನೆಯವಳಾಗಿ ಬಂದೆ. ಸಂಜೆ ಬಸ್ ಇಳಿದು ಬಜಾರಿನ ರಸ್ತೆ ಬಿಟ್ಟು ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ ಮನೆಗೆ ಹೋದೆ. ಮಟ್ಟೆ ರಾಶಿಗಳ ನಡುವೆ, ನಾಯಿಗಳು ಬಿಟ್ಟರೆ ಯಾರೂ ಇಲ್ಲದ ಓಣಿ. ಅಮ್ಮ ಬಾಗಿಲು ತೆಗೆದು ಮುಖ ನೋಡಿದಳು. ಏನೂ ಕೇಳಲಿಲ್ಲ, ನಗಲೂ ಇಲ್ಲ. "ಕಾಲು ತೊಳ್ಕೊಂಡು ಬಾ" ಅಂದಳು. ಆಮೇಲೆ ಸುಮಾರು ಒಂದು ತಿಂಗಳು ನಾನು ಆ ಓಣಿಯಲ್ಲೇ ಸ್ಕೂಲಿಗೆ ಹೋದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಗ್ರೀಕ್ ಕವಿ ಪಿಂಡಾರನಿಗೆ ಹೇಗೆ ಗೊತ್ತಾಯಿತೋ! ಕ್ರಿ.ಪೂ. 446ರದು ಎನ್ನುವ ಅವನ ಒಂದು ಹಾಡಿದೆ. ಡೆಲ್ಫಿಯ ಕೂಟದಲ್ಲಿ ಕುಸ್ತಿ ಗೆದ್ದ ಅರಿಸ್ಟೊಮೆನಿಸ್ ಅನ್ನುವ ಹುಡುಗನನ್ನು ಹೊಗಳಿ ಬರೆದದ್ದು. ಹೊಗಳೋದು ಪಿಂಡಾರನ ಕಸುಬು, ಅದಕ್ಕೇ ಅವನಿಗೆ ದುಡ್ಡು. ಹುಡುಗ ನಾಲ್ಕು ಜನರನ್ನು ಕೆಡವಿದ ಅಂತ ಹೇಳುತ್ತಾ ಹಾಡು ಇದ್ದಕ್ಕಿದ್ದಂತೆ ಆ ನಾಲ್ಕು ಜನರ ಹಿಂದೆ ಹೊರಟುಬಿಡುತ್ತದೆ. ಅವರು ಮನೆಗೆ ಬಂದಾಗ ತಾಯಂದಿರ ಹತ್ತಿರ ಸಿಹಿ ನಗು ಏಳಲಿಲ್ಲ. ಎದುರಾಳಿಗಳ ಕಣ್ಣು ತಪ್ಪಿಸಿ, ಮುದುಡಿಕೊಂಡು, ಓಣಿಗಳಲ್ಲಿ ನಡೆದರು. ಅದೇ ಹಾಡಿನ ಕೊನೆಯ ಹೊತ್ತಿಗೆ, ಮನುಷ್ಯ ಅಂದರೆ ನೆರಳಿನ ಕನಸು ಅನ್ನುವ ಮಾತೂ ಬರುತ್ತದೆ. ಗೆದ್ದವನಿಗೆ ಬರೆದ ಹಾಡಿನಲ್ಲಿ! ದುಡ್ಡು ಕೊಟ್ಟು ಬರೆಸಿದವರಿಗೆ ಇಷ್ಟ ಆಯಿತೋ ಇಲ್ಲವೋ. ಆದರೆ ಇದನ್ನು ಓದಿದಮೇಲೆ ನನಗೆ ಗ್ರೀಕರ ಆದರ್ಶ ಅನ್ನುವುದರ ಬೆಲೆ ಗೊತ್ತಾಯಿತು. ಅರೆಟೆ ಒಳಗೆ ಇಟ್ಟುಕೊಳ್ಳುವ ವಸ್ತು ಅಲ್ಲ. ನಾಲ್ಕು ಜನ ನೋಡಬೇಕು, ಹೌದು ಅನ್ನಬೇಕು. ಅವರು ಅನ್ನದಿದ್ದರೆ ಅದು ಇಲ್ಲ. ಕಾಫಿ ಮೆಷಿನ್ ಪಕ್ಕದ 'ಅಭ್ಯಾಸ'ದಲ್ಲಿ ಈ ಭಯ ಎಲ್ಲೂ ಇಲ್ಲ.

ನಾಟಕಕ್ಕೂ ಅಲ್ಲಿ ಸ್ಪರ್ಧೆ ಇತ್ತು ಅನ್ನೋದು ಮರೆಯೋ ಹಾಗಿಲ್ಲ. ಯೂರಿಪಿಡೀಸನ 'ಮೀಡಿಯಾ' ಅನ್ನುವ ನಾಟಕ ಕ್ರಿ.ಪೂ. 431ರಲ್ಲಿ ಅಥೆನ್ಸಿನಲ್ಲಿ ಆಡಿದಾಗ ಅವನಿಗೆ ಬಂದದ್ದು ಮೂರನೇ ಸ್ಥಾನ. ಸ್ಪರ್ಧೆಯಲ್ಲಿ ಇದ್ದವರೇ ಮೂರು ಜನ. ಸೋಲಿನ ನಾಟಕ ಅಂದರೆ ನನಗೆ ಸೊಫೊಕ್ಲೀಸನ ಏಜಾಕ್ಸ್. ಅಕಿಲೀಸ್ ಸತ್ತಮೇಲೆ ಅವನ ಕವಚ ಉಳಿದವರಲ್ಲಿ ಉತ್ತಮನಿಗೆ ಸೇರಬೇಕು. ಅದು ತಾನೇ ಅಂತ ಏಜಾಕ್ಸನಿಗೆ ಗೊತ್ತು. ತೀರ್ಪು ಇನ್ನೊಬ್ಬ ವೀರ ಒಡಿಸ್ಯೂಸನ ಕಡೆ ಆಗುತ್ತದೆ. ಏಜಾಕ್ಸ್ ಹುಚ್ಚು ಹಿಡಿದು, ಶತ್ರುಗಳು ಅಂದುಕೊಂಡು ದನ ಕುರಿಗಳನ್ನು ಕಡಿಯುತ್ತಾನೆ. ಬುದ್ಧಿ ಬಂದಾಗ ನಾಚಿಕೆ ತಡೆಯಲಾರದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ನಾಟಕವನ್ನು ಎತ್ತಿಕೊಂಡು ಅಶ್ವತ್ಥಾಮನ ಕಥೆಗೆ ಹೊಂದಿಸಿದ್ದು ಕಾಲೇಜಿನಲ್ಲಿ ಪಾಠವಾಗಿತ್ತು. ಆಗ ಪರೀಕ್ಷೆಗೆ ಓದಿದ್ದೆ. ಯಾಕೆ ಅಶ್ವತ್ಥಾಮನೇ ಅಂತ ಕೇಳಿಕೊಂಡಿರಲಿಲ್ಲ. ಶೌರ್ಯಕ್ಕೆ ಕಮ್ಮಿ ಇಲ್ಲ, ಆದರೆ ಮರ್ಯಾದೆ ಉಳಿಯಲಿಲ್ಲ. ರಾತ್ರಿಯ ಕತ್ತಲಲ್ಲಿ ಕೈ ಎತ್ತಿದವನು. ನಮ್ಮವರಲ್ಲಿ ಆ ಪಾತ್ರಕ್ಕೆ ಇನ್ನೊಬ್ಬ ಸಿಗುವುದು ಕಷ್ಟ.

ಹದ

ಅರಿಸ್ಟಾಟಲ್ ಬರುವಷ್ಟರಲ್ಲಿ ಹೋಮರನ ಕಾಲದಿಂದ ಮುನ್ನೂರು ನಾನೂರು ವರ್ಷ ಕಳೆದಿತ್ತು. ಅವನು ಮಾಡಿದ್ದು ಏನೆಂದರೆ ಅರೆಟೆಯನ್ನು ಒಂದು ದಿನದ ಗೆಲುವಿನಿಂದ ಬಿಡಿಸಿ ಇಡೀ ಬದುಕಿಗೆ ಹರಡಿದ್ದು. ಒಂದು ಹಕ್ಕಿ ಬಂದ ಮಾತ್ರಕ್ಕೆ ವಸಂತ ಆಗುವುದಿಲ್ಲ ಅನ್ನುವ ಮಾತು ಇಲ್ಲೇ ಬರುವುದು. ಮನೆ ಕಟ್ಟುತ್ತಾ ಕಟ್ಟುತ್ತಾ ಮೇಸ್ತ್ರಿ ಆಗುವುದು, ತಂತಿ ಮೀಟುತ್ತಾ ಮೀಟುತ್ತಾ ವಾದ್ಯಗಾರ ಆಗುವುದು, ಹಾಗೆಯೇ ಧೈರ್ಯದ ಕೆಲಸ ಮಾಡುತ್ತಾ ಧೈರ್ಯವಂತ ಆಗುವುದು. ಇಷ್ಟನ್ನು ಡ್ಯೂರಾಂಟ್ ಸರಿಯಾಗಿಯೇ ಹಿಡಿದಿದ್ದಾನೆ. ಆದರೆ ಅರಿಸ್ಟಾಟಲ್ ತಕ್ಷಣ ಇನ್ನೊಂದು ಸೇರಿಸುತ್ತಾನೆ: ಕೆಟ್ಟ ಮೇಸ್ತ್ರಿ ತಯಾರಾಗುವುದೂ ಕಟ್ಟಿ ಕಟ್ಟಿಯೇ. ಅಭ್ಯಾಸ ತಾನಾಗಿ ಯಾರನ್ನೂ ಮೇಲೆ ತರುವುದಿಲ್ಲ. ಹೇಗೆ ಕಟ್ಟಿದೆ ಅನ್ನೋದೇ ಮುಖ್ಯ. ನಾನು ಹನ್ನೊಂದು ವರ್ಷದಿಂದ ದಿನಾ ಕೋಡ್ ಬರೆಯುತ್ತಿದ್ದೇನೆ. ಅದರಲ್ಲಿ ಎಷ್ಟು ವರ್ಷ ಕೆಟ್ಟದಾಗಿ ಬರೆಯುವುದನ್ನು ಅಭ್ಯಾಸ ಮಾಡಿದೆ ಅಂತ ನನಗೆ ಮಾತ್ರ ಗೊತ್ತು.

ಇನ್ನೊಂದು ವಿಷಯ ಫ್ರೇಮಿನಲ್ಲಿ ಬಿಟ್ಟುಹೋಗಿದೆ. ಅರಿಸ್ಟಾಟಲ್ ಹೇಳುವ ಅರೆಟೆ ಬೆಟ್ಟದ ತುದಿಯಲ್ಲಿ ಇಲ್ಲ, ಎರಡು ತಪ್ಪುಗಳ ನಡುವೆ ಇದೆ. ಪುಕ್ಕಲುತನಕ್ಕೂ ಹುಂಬತನಕ್ಕೂ ನಡುವೆ ಧೈರ್ಯ. ಜಿಪುಣತನಕ್ಕೂ ದುಂದಿಗೂ ನಡುವೆ ಧಾರಾಳ. ಇದನ್ನು 'ಮಧ್ಯಮ ಮಾರ್ಗ' ಅಂತ ಪಠ್ಯಗಳಲ್ಲಿ ಬರೆದಿರುತ್ತಾರೆ. ಕೇಳಿದರೆ ಐವತ್ತು ಮಾರ್ಕ್ಸ್ ತಗೊಂಡರೆ ಸಾಕು ಅಂದ ಹಾಗೆ ಅನ್ನಿಸುತ್ತದೆ. ಅವನು ಕೊಡುವ ಉದಾಹರಣೆ ನೋಡಿ. ಹತ್ತು ಪಾಲು ಊಟ ಜಾಸ್ತಿ, ಎರಡು ಪಾಲು ಕಮ್ಮಿ ಅಂದ ಮಾತ್ರಕ್ಕೆ ಗರಡಿಯ ಉಸ್ತಾದ ಎಲ್ಲರಿಗೂ ಆರು ಪಾಲು ಬಡಿಸುವುದಿಲ್ಲ. ಮೈಲೋಗೆ ಅದು ಸಾಲದು, ಈಗಷ್ಟೇ ಗರಡಿಗೆ ಸೇರಿದವನಿಗೆ ಜಾಸ್ತಿ. ಈ ಮೈಲೋ ಕ್ರೋಟನ್ ಊರಿನ ಜಟ್ಟಿ, ಒಲಿಂಪಿಯಾದಲ್ಲಿ ಆರು ಸಲ ಗೆದ್ದವನು. ಇದಕ್ಕೆ ಅಡುಗೆಮನೆಯ ಪದ ಇದೆ: ಹದ. ಮೈಸೂರು ಪಾಕಿಗೆ ಪಾಕದ ಹದ ಯಾವಾಗ ಬಂತು ಅಂತ ಗಡಿಯಾರ ಹೇಳುವುದಿಲ್ಲ. ಒಂದು ಕ್ಷಣ ಮುಂಚೆ ಇಳಿಸಿದರೆ ಹಲ್ವ, ಒಂದು ಕ್ಷಣ ತಡವಾದರೆ ಕಲ್ಲು. ಹದ ನಡುವೆ ಇರುತ್ತದೆ ನಿಜ, ಆದರೆ ಅದನ್ನು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ. ಜೊತೆಗೆ ಅದನ್ನು ಖುಷಿಯಿಂದ ಮಾಡಬೇಕು ಅಂತಾನೆ. ಹಲ್ಲು ಕಚ್ಚಿ ಒಳ್ಳೆಯವನಾಗಿರುವವನು ಇನ್ನೂ ಪೂರ್ತಿ ಒಳ್ಳೆಯವನಲ್ಲವಂತೆ. ಅಪ್ರೈಸಲ್ ಫಾರ್ಮಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಬಾಗಿಲ ಹೊರಗೆ

ಇಷ್ಟು ಓದಿ ಅರಿಸ್ಟಾಟಲನ ಮೇಲೆ ಪ್ರೀತಿ ಬಂದಿತ್ತು. ಆಮೇಲೆ ಅವನ ರಾಜಕೀಯ ಬರಹಕ್ಕೆ ಕೈ ಹಾಕಿದೆ. ಹಾಕಬಾರದಿತ್ತು. ಉತ್ತಮ ನಗರದಲ್ಲಿ ಕೈಕಸುಬಿನವರಿಗೆ ಪೌರತ್ವ ಕೊಡುವುದಿಲ್ಲ ಅನ್ನುತ್ತಾನೆ. ಕೂಲಿ ಮಾಡುವವರ ಬದುಕಿನಲ್ಲಿ ಅರೆಟೆಗೆ ಬೇಕಾದ ಬಿಡುವು ಇರುವುದಿಲ್ಲ. ಮನೆ ಕಟ್ಟುತ್ತಾ ಮೇಸ್ತ್ರಿ ಆಗುವ ಉದಾಹರಣೆ ಕೊಟ್ಟನಲ್ಲ, ಆ ಮೇಸ್ತ್ರಿಗೆ ಒಳಗೆ ಜಾಗ ಇಲ್ಲ! ಉದಾಹರಣೆಗೆ ಮಾತ್ರ ಬೇಕು. ಸಂಗೀತವನ್ನೂ ಹುಡುಗರು ಕಲಿಯಲಿ, ಆದರೆ ಸ್ಪರ್ಧೆಗೆ ನುಡಿಸುವ ವೃತ್ತಿಯವರ ಮಟ್ಟಕ್ಕೆ ಹೋಗಬಾರದು ಅನ್ನುತ್ತಾನೆ. ಆಮೇಲಿನ ಕಾಲದ ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುವ ಒಂದು ಪ್ರಸಂಗ ಇದೆ. ಪಾನಗೋಷ್ಠಿಯೊಂದರಲ್ಲಿ ಮಗ ಬಹಳ ಚೆನ್ನಾಗಿ ತಂತಿವಾದ್ಯ ನುಡಿಸಿದ. ಅಪ್ಪ, ಮ್ಯಾಸಿಡೋನಿಯಾದ ದೊರೆ ಫಿಲಿಪ್, ಕೇಳಿದನಂತೆ: ಇಷ್ಟು ಚೆನ್ನಾಗಿ ನುಡಿಸೋಕೆ ನಿನಗೆ ನಾಚಿಕೆ ಆಗಲ್ವಾ? ಕೆಲಸ ಮೆಚ್ಚಬಹುದು, ಮಾಡಿದವನನ್ನು ಮೆಚ್ಚಬೇಕಾಗಿಲ್ಲ ಅನ್ನುವುದು ಪ್ಲೂಟಾರ್ಕನ ವಾದ. ಒಲಿಂಪಿಯಾದ ಜೀಯಸ್ ಮೂರ್ತಿ ನೋಡಿ ಯಾವ ಒಳ್ಳೆಯ ಮನೆತನದ ಹುಡುಗನೂ ತಾನು ಅದನ್ನು ಕೆತ್ತಿದ ಫಿಡಿಯಾಸ್ ಆಗಬೇಕು ಅಂದುಕೊಳ್ಳುವುದಿಲ್ಲವಂತೆ.

ಹೆಂಗಸರದು ಇನ್ನೊಂದು ಕಥೆ. ಯುದ್ಧದಲ್ಲಿ ಸತ್ತವರಿಗೆ ನಮಿಸುವ ಪ್ರಸಿದ್ಧ ಭಾಷಣದಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ವಿಧವೆಯರಿಗೆ ಹೇಳುವ ಬುದ್ಧಿವಾದ: ಹೊಗಳಿಕೆಗಾಗಲಿ ತೆಗಳಿಕೆಗಾಗಲಿ, ಗಂಡಸರ ಬಾಯಲ್ಲಿ ಯಾರ ಹೆಸರು ಅತಿ ಕಮ್ಮಿ ಬರುತ್ತದೋ ಅವಳದೇ ದೊಡ್ಡ ಕೀರ್ತಿ. ನಾಲ್ಕು ಜನ ಹೌದು ಅಂದರೇ ಅರೆಟೆ ಅನ್ನುವ ಊರಿನಲ್ಲಿ, ಯಾರೂ ಏನೂ ಅನ್ನದಿರುವುದೇ ಇವಳ ಅರೆಟೆ. ಹಾಗಂತ ಹುಡುಗಿಯರು ಓಡಲೇ ಇಲ್ಲ ಅಂತಲ್ಲ. ಅದೇ ಒಲಿಂಪಿಯಾದಲ್ಲಿ ಹೀರಾ ದೇವಿಯ ಹೆಸರಲ್ಲಿ ಮದುವೆಯಾಗದ ಹುಡುಗಿಯರ ಓಟ ನಡೆಯುತ್ತಿತ್ತು. ಅದೇ ಟ್ರ್ಯಾಕು, ಆರನೇ ಒಂದು ಭಾಗ ಕಮ್ಮಿ. ಗೆದ್ದವಳಿಗೆ ಆಲಿವ್ ಕಿರೀಟ, ಬಲಿ ಕೊಟ್ಟ ಹಸುವಿನಲ್ಲಿ ಒಂದು ಪಾಲು. ಅಲ್ಲಿ ಆರನೆಯವಳಾಗಿ ಬಂದವಳು ಯಾವ ಓಣಿ ಹಿಡಿದು ಮನೆಗೆ ಹೋದಳೋ.

ಗುಲಾಮರ ಅರೆಟೆ ಬಗ್ಗೆ ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಒಂದು ಮಾತಿದೆ. ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಒಡಿಸ್ಯೂಸ್ ತನ್ನ ಮನೆ ಬಾಗಿಲಿಗೆ ಬಂದಿದ್ದಾನೆ. ಅವನ ಮುದಿ ನಾಯಿ ಆರ್ಗೋಸ್ ಸಗಣಿ ರಾಶಿಯ ಮೇಲೆ ಉಣ್ಣೆ ಕಚ್ಚಿಸಿಕೊಂಡು ಮಲಗಿದೆ. ಯಾಕೆ ಹೀಗೆ ಅಂದರೆ, ಜೊತೆಗಿದ್ದ ಯುಮಯಸ್ ಹೇಳುತ್ತಾನೆ: ಯಜಮಾನ ಇಲ್ಲದಿದ್ದರೆ ಆಳುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಗುಲಾಮಗಿರಿಯ ದಿನ ಬಂದು ಹಿಡಿದಾಗ ಜೀಯಸ್ ಮನುಷ್ಯನ ಅರ್ಧ ಅರೆಟೆ ಕಿತ್ತುಕೊಳ್ಳುತ್ತಾನೆ. ಹೇಳುತ್ತಿರುವವನು ಯಾರು? ತಾನೇ ಗುಲಾಮ. ರಾಜನ ಮಗನಾಗಿ ಹುಟ್ಟಿ, ಚಿಕ್ಕವನಿದ್ದಾಗ ವ್ಯಾಪಾರಿಗಳ ಕೈಗೆ ಸಿಕ್ಕಿ, ಮಾರಾಟವಾಗಿ ಬಂದ ಹಂದಿ ಕಾಯುವವನು. ಯಜಮಾನ ಇಲ್ಲದಾಗಲೇ, ಯಾರೂ ಹೇಳದೆ, ತಾನೇ ಕಲ್ಲು ಹೊತ್ತು ತಂದು, ಮೇಲೆ ಮುಳ್ಳು ಹಾಸಿ ಹಂದಿಗಳಿಗೆ ದೊಡ್ಡಿ ಕಟ್ಟಿದವನು. ತನ್ನ ಮಾತು ತನಗೇ ಸುಳ್ಳು ಅಂತ ಅವನಿಗೆ ಗೊತ್ತಿಲ್ಲ. ಹೋಮರನಿಗೆ ಗೊತ್ತಿತ್ತೇನೋ. ಉಳಿದವರನ್ನೆಲ್ಲ 'ಅವನು' ಅಂತ ಹೇಳುವ ಕವಿ ಒಡಿಸ್ಸಿಯಲ್ಲಿ ಇವನೊಬ್ಬನನ್ನು ಮಾತ್ರ ಮತ್ತೆ ಮತ್ತೆ 'ನೀನು' ಅನ್ನುತ್ತಾನೆ. ಯುಮಯಸ್, ಆಗ ನೀನು ಹೀಗೆ ಹೇಳಿದೆ, ಅಂತ. ಯಾಕೋ ಅಲ್ಲಿ ನನಗೆ ಪುಸ್ತಕ ಮುಚ್ಚಿಡಬೇಕು ಅನ್ನಿಸಿತು.

ನಮ್ಮ ಮೂರನೇ ಮಹಡಿಯ ಹೌಸ್‌ಕೀಪಿಂಗ್ ಅಣ್ಣ ಮಳವಳ್ಳಿ ಕಡೆಯವರು. ಕಾಂಟ್ರಾಕ್ಟ್ ಮೇಲೆ ಇದ್ದಾರೆ. ಏ.ಸಿ. ನಡುಕಕ್ಕೋ ಏನೋ, ಆ ಫ್ರೇಮ್ ವಾರಕ್ಕೆರಡು ಸಲ ಒಂದು ಕಡೆ ವಾಲುತ್ತದೆ. ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆಟ್ಟು ಹಿಡಿದು ನೋಡಿ, ಮುಂದೆ ಬಂದು ಒಂದು ಬೆರಳಲ್ಲಿ ಸರಿ ಮಾಡುತ್ತಾರೆ. ಒಮ್ಮೆ ಕೇಳಿದೆ, "ಅಣ್ಣ, ಅಷ್ಟು ಸಣ್ಣ ವಾಲು ನಿಮಗೆ ಹೇಗೆ ಕಾಣುತ್ತೆ?" "ಮೊದ್ಲು ಟೈಲ್ಸ್ ಹಾಕ್ತಿದ್ದೆ ಮೇಡಮ್, ಹದಿನೆಂಟು ವರ್ಷ. ಮಂಡಿ ಹೋಯ್ತು, ಅದಕ್ಕೇ ಇಲ್ಲಿಗೆ ಬಂದೆ. ಕಣ್ಣು ಮಾತ್ರ ಹಂಗೇ ಐತೆ" ಅಂದರು. ವರ್ಷಕ್ಕೊಮ್ಮೆ ನಡೆಯುವ ಎಕ್ಸಲೆನ್ಸ್ ಅವಾರ್ಡ್ ಕಾರ್ಯಕ್ರಮದಲ್ಲಿ ಹನ್ನೆರಡು ವಿಭಾಗಗಳಿವೆ. ಕಾಂಟ್ರಾಕ್ಟಿನವರಿಗೆ ಒಂದೂ ಇಲ್ಲ. ಅವತ್ತು ಅವರು ಸಮೋಸ ಹಂಚುತ್ತಿರುತ್ತಾರೆ.

ನನ್ನ ಮೇಲ್‌ಗೆ ಕೊನೆಗೂ ಕ್ರಮ ಆಯಿತು, ಸುಮಾರು ಐದು ತಿಂಗಳ ಮೇಲೆ. ಹೊಸ ಫ್ರೇಮಿಗೆ ಬಜೆಟ್ ಇರಲಿಲ್ಲವೇನೋ. ಹೆಸರಿನ ಮೇಲೆ ಒಂದು ಪಟ್ಟಿ ಅಂಟಿಸಿ ಅಂತ ಎಚ್.ಆರ್.ನವರು ಅಣ್ಣನಿಗೇ ಹೇಳಿದರು. ಕಾಫಿ ಹಿಡಿದುಕೊಂಡು ನೋಡುತ್ತಾ ನಿಂತೆ. ಗಾಜು ಬಿಚ್ಚಿ, ಫ್ರೇಮನ್ನು ಟೇಬಲ್ ಮೇಲೆ ಮಲಗಿಸಿದರು. ಎಚ್.ಆರ್.ನವರು ಕೊಟ್ಟಿದ್ದ ಬಿಳಿ ಕಾಗದ ಹಿಡಿದು ನೋಡಿ, ಬೇಡ ಅಂತ ಪಕ್ಕಕ್ಕಿಟ್ಟರು. ಹಳೆಯ ಕ್ಯಾಲೆಂಡರ್ ಒಂದರಿಂದ ಅದೇ ನೀಲಿಯ ಆಕಾಶದ ತುಂಡು ಹುಡುಕಿ, ಸ್ಕೇಲ್ ಇಟ್ಟು ಬ್ಲೇಡಿನಲ್ಲಿ ಕತ್ತರಿಸಿದರು. ಬಣ್ಣ ಕೆಳಗೆ ಸ್ವಲ್ಪ ಗಾಢವಾಗುತ್ತದೆ ಅಂತ ಪಟ್ಟಿಯನ್ನು ತಲೆಕೆಳಗು ಮಾಡಿ ಒಂದು ಸಲ ಇಟ್ಟು ನೋಡಿದರು. ಅಂಟಿಸಿ, ಗಾಜು ಹಾಕಿ, ಗೋಡೆಗೆ ತೂಗುಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದರು.

ಈಗ ಆ ಎರಡು ಸಾಲು ಯಾರದೂ ಅಲ್ಲ. ಪಟ್ಟಿ ಅಲ್ಲಿದೆ ಅಂತ ಗೊತ್ತಿರುವ ನಾನು ದಿನಾ ಹುಡುಕುತ್ತೇನೆ. ಬೆಳಗ್ಗೆ ಹತ್ತು ಗಂಟೆಗೆ ಕಿಟಕಿಯ ಬಿಸಿಲು ಓರೆಯಾಗಿ ಬಿದ್ದಾಗ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ, ಎಡಗಡೆಯ ಅಂಚು ಕೂದಲೆಳೆಯಷ್ಟು ಕಾಣುತ್ತದೆ. ಬಲಗಡೆಯದು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.